ಉಪ್ಪುನೀರಿನ ತೊಟ್ಟಿಗೆ ಸತುವು ಲೇಪಿಸಿದ ಕಂಬಿ: ನನ್ನ ಅನುಭವ

ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ, ಆದರೆ ಉಪ್ಪಿನ ಕಾಟವಿದೆ. ಇಲ್ಲಿನ ಕೊಳವೆಬಾವಿ ನೀರು ಗಡಸಾದ್ದರಿಂದ ಬಾಯ್ಲರ್ ಇರುವ ಕಾರ್ಖಾನೆಗಳು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಇಟ್ಟುಕೊಳ್ಳುತ್ತವೆ. ಸಾಫ್ಟ್‌ನರಿಗೆ ಉಪ್ಪು ಹೆಚ್ಚು ಕರಗಿಸಿದ ನೀರು ಬೇಕು, ಅದನ್ನು ತೊಟ್ಟಿಯಲ್ಲಿ ತುಂಬಿಡುತ್ತಾರೆ. ಮಾಲೂರಿನ ಬಳಿ ಅಂಥ ಒಂದು ತೊಟ್ಟಿಯಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಗೋಡೆಯ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಕಳಚಿದ್ದರಿಂದ, ಹೊಸ ತೊಟ್ಟಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಮಾಲೀಕರು ಜಿಐ, ಅಂದರೆ ಸತುವು ಲೇಪಿಸಿದ ಕಂಬಿ ಹಾಕಿದರೆ ಸಾಕೆಂದುಕೊಂಡಿದ್ದರು. ಸತುವು ಉಪ್ಪಿನಲ್ಲಿರುವ ಕ್ಲೋರೈಡನ್ನು ಬರಿಯ ಉಕ್ಕಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ, ಗೀರು ಬಿದ್ದ ಕಡೆ ತಾನು ಸವೆದು ಉಕ್ಕನ್ನು ಕಾಯುತ್ತದೆ, ಅದರ ಸವೆತದ ಪುಡಿ ತುಕ್ಕಿನಂತೆ ಕಾಂಕ್ರೀಟನ್ನು ಸೀಳುವುದೂ ಕಡಿಮೆ. ಆದರೂ ಅದು ಕೊಡುವುದು ಕಾಲಾವಕಾಶವನ್ನು ಮಾತ್ರ. ಉಪ್ಪು ಒಳಗೆ ಇಳಿಯುತ್ತಲೇ ಇದ್ದರೆ ಲೇಪ ಒಂದು ದಿನ ಮುಗಿಯುತ್ತದೆ. ಆದ್ದರಿಂದ ಮೊದಲು ಕಾಂಕ್ರೀಟಿನ ಕಡೆಗೇ ಗಮನ ಕೊಟ್ಟೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲಿ ಎಲ್ಲಕ್ಕಿಂತ ತೀವ್ರವಾದ (ಎಕ್ಸ್‌ಟ್ರೀಮ್) ಪರಿಸರದ ವರ್ಗಕ್ಕೆ ತಕ್ಕಂತೆ ಕಾಂಕ್ರೀಟಿನ ಬಲ ಎಂ40 ದರ್ಜೆ, ನೀರು-ಸಿಮೆಂಟ್ ಅನುಪಾತ 0.40, ಕವರ್ (ಕಂಬಿಯ ಮೇಲಿನ ಕಾಂಕ್ರೀಟಿನ ದಪ್ಪ) 75 ಮಿ.ಮೀ. ಎಂದು ನಿಗದಿಪಡಿಸಿದೆ. ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಮೀರಬಾರದು, ಅಲ್ಲಿನ ಬೋರ್‌ವೆಲ್ ನೀರು ಪರೀಕ್ಷೆಯಲ್ಲಿ ಅದನ್ನು ದಾಟಿದ್ದರಿಂದ ಬೇರೆ ಕಡೆಯ ನೀರನ್ನು ಟ್ಯಾಂಕರಿನಲ್ಲಿ ತರಿಸಿದೆವು. ಮೇಸ್ತ್ರಿಗೆ ಇದು ದುಂದುವೆಚ್ಚವಾಗಿ ಕಂಡಿತು.

ಕಂಬಿಗಳನ್ನು ಮೊದಲೇ ಕತ್ತರಿಸಿ, ಅಗಲವಾದ ಸುತ್ತಿನಲ್ಲಿ ಬಾಗಿಸಿ, ಆಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನ ಸತುವಿನ ದ್ರವದಲ್ಲಿ ಅದ್ದಿಸಿ ತಂದೆವು. ಲೇಪವಾದ ಮೇಲೆ ಬಾಗಿಸಿದರೆ ಅದು ಬಿರಿಯುವ ಭಯವಿರುತ್ತದೆ. ಸೈಟಿನಲ್ಲಿ ಕತ್ತರಿಸಲೇಬೇಕಾದ ತುದಿಗಳಿಗೆ ಸತುವು ಹೆಚ್ಚಿರುವ ಬಣ್ಣ ಬಳಿಸಿದೆ. ಲೇಪವಿಲ್ಲದ ಕಪ್ಪು ಕಂಬಿ ಜಿಐ ಕಂಬಿಗೆ ತಾಗಿದರೆ ಅದನ್ನು ಕಾಯುವ ಭಾರವೂ ಸತುವಿನ ಮೇಲೆಯೇ ಬೀಳುವುದರಿಂದ ಬೈಂಡಿಂಗ್ ವೈರು, ಕಂಬಿಯನ್ನು ಎತ್ತಿ ಹಿಡಿಯುವ ಚೇರುಗಳನ್ನೂ ಜಿಐನಲ್ಲೇ ಹಾಕಿಸಿದೆ. ಹಸಿ ಕಾಂಕ್ರೀಟಿನ ಕ್ಷಾರಕ್ಕೆ ಸತುವು ಮೊದಲು ಸ್ವಲ್ಪ ಕರಗಿ, ಜಲಜನಕದ ಗುಳ್ಳೆ ಬಿಟ್ಟು, ಬಳಿಕ ತನ್ನ ಮೈಮೇಲೆ ರಕ್ಷಣೆಯ ಪದರ ಕಟ್ಟಿಕೊಳ್ಳುತ್ತದೆ; ಕ್ಷಾರತೆಯ ಅಳತೆಯಾದ ಪಿಎಚ್ ಸುಮಾರು 13.3 ದಾಟಿದರೆ ಆ ಪದರ ನಿಲ್ಲುವುದಿಲ್ಲ. ಹೀಗಾಗಿ ಕ್ಷಾರ ಕಡಿಮೆಯಿರುವ ಸಿಮೆಂಟನ್ನೇ ಆರಿಸಿದೆ. ತೊಟ್ಟಿಯ ಒಳಮೈಗೆ ಎಪಾಕ್ಸಿ ಲೇಪನವನ್ನೂ ಕೊಡಿಸಿದೆ.

ತಪಾಸಣೆಗೆ ಬಂದವರೊಬ್ಬರು ಕಂಬಿಯ ವಿದ್ಯುತ್ ವಿಭವ ಅಳೆದು ತುಕ್ಕಿನ ಸಾಧ್ಯತೆ ಹೇಳುವ ಹಾಫ್-ಸೆಲ್ ಮೀಟರು ತೋರಿಸಿದ ಋಣ ಅಂಕಿಯನ್ನು ನೋಡಿ ಕಂಬಿ ತಿಂದುಹೋಗುತ್ತಿದೆ ಎಂದು ಗಾಬರಿಯಾದರು. ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿ ಅಳೆಯುವಾಗ ತುಕ್ಕಿನ ಸೂಚನೆಯೆನ್ನುವ ಋಣ 350 ಮಿಲಿವೋಲ್ಟ್ ಗಡಿ ಬರಿಯ ಉಕ್ಕಿಗಾಗಿ ಇರುವುದು. ಸತುವಿನ ವಿಭವ ಸ್ವಭಾವತಃ ಇನ್ನೂ ಕೆಳಗಿರುವುದರಿಂದ ಇಲ್ಲಿ ಆ ಗಡಿ ಹೊಂದುವುದಿಲ್ಲ. ಅವರಿಗೆ ಹಾಗೆಂದು ವಿವರಿಸಿ, ಗೋಡೆಯಿಂದ ಬೇರೆಬೇರೆ ಆಳದ ಪುಡಿ ಕೊರೆದು ತೆಗೆದು ಕ್ಲೋರೈಡ್ ಪರೀಕ್ಷೆಗೆ ಕಳಿಸಿದೆ.