ಟೈರಿನ ಟ್ರೆಡ್ ಹೊಸದೋ ಹಳೆಯದೋ: ನೋಟಿಸ್ ಬಂದರೆ ಏನು ಮಾಡಬೇಕು?

ಕಾಫಿ ತೋಟದ ಕೆಸರು ದಾರಿಗೆಂದು ಜೀಪಿನ ಟೈರುಗಳಿಗೆ ದಪ್ಪ ಟ್ರೆಡ್‌ನ ರೀಸೋಲ್ (ಸವೆದ ಟೈರಿನಲ್ಲಿ ನೆಲಕ್ಕೆ ತಾಗುವ ಟ್ರೆಡ್ ಭಾಗಕ್ಕೆ ಹೊಸ ರಬ್ಬರ್ ಅಂಟಿಸುವುದು) ಹಾಕಿಕೊಡುವ ಅಂಗಡಿಗೆ, ‘ಈ ವಿನ್ಯಾಸ ನಮ್ಮದು, ನಿಲ್ಲಿಸಿ’ ಎಂಬ ವಕೀಲರ ನೋಟಿಸ್ ಬಂತೆನ್ನಿ. ಆ ವಿನ್ಯಾಸ ಅವರ ನೋಂದಣಿ ಅರ್ಜಿಗಿಂತ ಮೊದಲೇ ಇತ್ತೆಂದು ತೋರಿಸಿದರೆ ನೋಂದಣಿಯೇ ರದ್ದಾಗಬಹುದು.

ಮೊದಲು ನೋಟಿಸ್‌ನಲ್ಲಿರುವ ಸಂಖ್ಯೆ ನೋಡಿ. ಎಲ್ಲರೂ ‘ಪೇಟೆಂಟ್’ ಎನ್ನುತ್ತಾರೆ, ಆದರೆ ಅದಲ್ಲ. ಟ್ರೆಡ್‌ನ ನೋಟಕ್ಕೆ ನಮ್ಮಲ್ಲಿ ಸಿಗುವುದು 2000ದ ವಿನ್ಯಾಸ ಕಾಯ್ದೆಯ ನೋಂದಣಿ. ಅವಧಿ 10 ವರ್ಷ, ಬೇಕಿದ್ದರೆ ಇನ್ನೂ 5. ಮಣ್ಣು ಬೇಗ ಉದುರುತ್ತದೆ ಎಂಬಂಥ ಗುಣ ಇಲ್ಲಿ ಲೆಕ್ಕಕ್ಕಿಲ್ಲ, ಕಣ್ಣಿಗೆ ಕಾಣುವುದಷ್ಟೇ ಮುಖ್ಯ. ಅರ್ಜಿಯ ದಿನಾಂಕ ಬರೆದುಕೊಳ್ಳಿ. ವಿದೇಶದಲ್ಲಿ ಮೊದಲು ಹಾಕಿದ ಅರ್ಜಿಯ ಆಧಾರ ಹೇಳಿದ್ದರೆ ಆ ದಿನಾಂಕವೇ ಲೆಕ್ಕ.

ಅದಕ್ಕಿಂತ ಹಿಂದಿನ ಪುರಾವೆ ಹುಡುಕಬೇಕು. ಬಹಳ ಜನ ಎಡವುವುದು ಇಲ್ಲೇ. ಟೈರಿನ ಪಕ್ಕದಲ್ಲಿ 2316 ಎಂದಿದ್ದರೆ ಅದು 2016ರ 23ನೇ ವಾರದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕ ನೋಡಿ. ಕಂಪನಿಯ ಮೂಲ ಟ್ರೆಡ್ ಆಗಿದ್ದರೆ ಚಿನ್ನದಂಥ ಸಾಕ್ಷಿ. ರೀಸೋಲ್ ಆಗಿದ್ದರೆ ಪ್ರಯೋಜನವಿಲ್ಲ: ಆ ನಾಲ್ಕು ಅಂಕಿ ಕೇಸಿಂಗಿನ (ಟೈರಿನ ಮೂಲ ಒಡಲಿನ) ವಯಸ್ಸು ಹೇಳುತ್ತದೆ, ಮೇಲೆ ಅಂಟಿಸಿದ ರಬ್ಬರಿನದಲ್ಲ. ತೋಟದ ಶೆಡ್ಡುಗಳಲ್ಲಿ ರೀಸೋಲ್ ಟೈರುಗಳೂ ಬಿದ್ದಿರುತ್ತವೆ, ಎಚ್ಚರ. ಬರೀ ಬಿಲ್ಲೂ ಸಾಲದು. ಅದರಲ್ಲಿ ಮಾಡೆಲ್ ಹೆಸರಿರುತ್ತದೆ, ಚಿತ್ರವಿರುವುದಿಲ್ಲ. ಅದೇ ಮಾಡೆಲ್‌ನ ಚಿತ್ರವಿರುವ, ದಿನಾಂಕ ಅಚ್ಚಾದ ಕ್ಯಾಟಲಾಗ್ ಜೊತೆಗಿಡಿ. ಹೊರದೇಶದ ಕ್ಯಾಟಲಾಗೂ ನಡೆಯುತ್ತದೆ. ನೋಂದಣಿ ಮಾಡಿಸಿದವರೇ ಅರ್ಜಿಗೆ ಮೊದಲು ಮಾರಿದ್ದರೆ ಅದೂ ಅವರಿಗೇ ಮುಳುವು.

ಫೋಟೊವನ್ನು ನೇರ ಎದುರಿನಿಂದ ತೆಗೆಯಿರಿ, ಸುತ್ತಳತೆಯ ಉದ್ದ ಭಾಗ ಬರಲಿ. ಸದ್ದು ತಗ್ಗಿಸಲು ಬ್ಲಾಕುಗಳ (ಟ್ರೆಡ್‌ನ ಉಬ್ಬಿದ ತುಂಡುಗಳ) ಅಳತೆಯನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿರುತ್ತಾರೆ. ಒಂದೇ ಬ್ಲಾಕ್ ಅಳೆದರೆ ತಪ್ಪು ಲೆಕ್ಕ. ಸವೆದ ಟೈರಿನಲ್ಲಿ ಸಣ್ಣ ಗೀರುಗಳು ಮಾಯವಾಗಿರುತ್ತವೆ, ‘ಅದರಲ್ಲಿ ಗೀರೇ ಇಲ್ಲ’ ಎಂದು ಎದುರಾಳಿ ವಾದಿಸುತ್ತಾರೆ. ಆದ್ದರಿಂದ ಓಡದ ಸ್ಟೆಪ್ನಿ ಸಿಕ್ಕರೆ ಅದನ್ನೇ ಹಿಡಿಯಿರಿ. ಇಡೀ ವಿನ್ಯಾಸ ಒಂದೇ ಹಳೆಯ ಟೈರಿನಲ್ಲಿದ್ದರೆ ವಾದ ಗಟ್ಟಿ. ಅಂಚು ಒಂದರದು, ನಡು ಇನ್ನೊಂದರದು ಎಂದು ತೇಪೆ ಹಾಕಿದರೆ ಕಷ್ಟ.

ರದ್ದತಿ ಅರ್ಜಿ ಫಾರ್ಮ್ 8ರಲ್ಲಿ, ಕೋಲ್ಕತ್ತಾದ ವಿನ್ಯಾಸ ಕಚೇರಿಗೆ. ಅಷ್ಟರಲ್ಲಿ ಅವರು ಮಡಿಕೇರಿ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರೆ ಅಲ್ಲೂ ‘ಹೊಸತಲ್ಲ’ ಎಂದು ಹೇಳಬಹುದು. ಹೇಳಿದೊಡನೆ ವಿನ್ಯಾಸ ಕಾಯ್ದೆಯ 22ನೇ ಕಲಮಿನಂತೆ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಬೆಂಗಳೂರಿನ ಓಡಾಟದ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಸಾಕ್ಷಿಯ ಟೈರನ್ನು ಬಿಸಿಲಿಗೆ ಹಾಕಬೇಡಿ, ಗಾಡಿಗಂತೂ ಹಾಕಲೇಬೇಡಿ.