ಈರುಳ್ಳಿ ಸಿಪ್ಪೆಯ ಕೆಂಪು, ಕೋಸಿನ ನೀಲಿ

ಈಸ್ಟರ್‌ಗೆ ಎರಡು ವಾರ ಇದೆ ಅನ್ನುವಾಗಲೇ ಈರುಳ್ಳಿ ಸಿಪ್ಪೆ ಎಸೆಯುವುದನ್ನು ನಿಲ್ಲಿಸಿ. ಸಾರಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ ಹೆಚ್ಚಿದ ಈರುಳ್ಳಿಯ ಒಣ ಹೊರಸಿಪ್ಪೆಯೆಲ್ಲ ಒಂದು ಕಾಗದದ ಚೀಲಕ್ಕೆ ಬೀಳಲಿ. ಹಬ್ಬಕ್ಕೆ ಡಜನ್ ಮೊಟ್ಟೆಗೆ ಬಣ್ಣ ಹಾಕಲು ಹದಿನೈದು ಈರುಳ್ಳಿಯ ಸಿಪ್ಪೆ ಬೇಕು. ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಬೇಡಿ, ಬೆವರಿ ಬೂಷ್ಟು ಹಿಡಿಯುತ್ತದೆ. ಸಿಪ್ಪೆಯ ಮೇಲೆ ಮಸಿಯಂಥ ಕಪ್ಪು ಪುಡಿ ಕಂಡರೆ ಅದೂ ಬೂಷ್ಟೇ, ಅದನ್ನು ಬಿಸಾಕಿ.

ಮಂಗಳೂರು, ಬೆಂಗಳೂರಿನಲ್ಲಿ ಈಸ್ಟರ್ ಮೊಟ್ಟೆ ಎಂದರೆ ಬಾದಾಮಿ ಅಥವಾ ಗೋಡಂಬಿ ಪುಡಿಗೆ ಸಕ್ಕರೆ ಕಲಸಿದ ಮಾರ್ಜಿಪಾನಿನದು, ಇಲ್ಲವೇ ಚಾಕೊಲೇಟಿನದು. ನಿಜವಾದ ಕೋಳಿಮೊಟ್ಟೆಗೆ ಬಣ್ಣ ಹಾಕುವುದು ಹೆಚ್ಚಾಗಿ ಯೂರೋಪಿನ ಕಡೆಯ ರೂಢಿ. ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಹಿಂದೆಲ್ಲ ಮಾಂಸದ ಜೊತೆ ಮೊಟ್ಟೆಯೂ ನಿಷಿದ್ಧವಾಗಿತ್ತು. ಆದರೆ ಕೋಳಿಗೇನು ಉಪವಾಸ? ಅದು ಇಡುತ್ತಲೇ ಇತ್ತು, ಮೊಟ್ಟೆ ಗುಡ್ಡೆ ಬೀಳುತ್ತಲೇ ಇತ್ತು. ಹಬ್ಬದ ದಿನ ಅವೆಲ್ಲ ಬೆಂದು, ಬಣ್ಣ ಬಳಿಸಿಕೊಂಡು ಹೊರಬಂದವು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್‌ನ ಅರಮನೆಯ 1290ರ ಲೆಕ್ಕದಲ್ಲಿ ಈಸ್ಟರ್‌ಗೆಂದು 450 ಮೊಟ್ಟೆಗೆ 18 ಪೆನ್ಸ್ ಖರ್ಚು ಬರೆದಿದೆ. ಗ್ರೀಸಿನಲ್ಲಿ ಇವತ್ತಿಗೂ ಗುಡ್ ಫ್ರೈಡೇ ಹಿಂದಿನ ಗುರುವಾರವೇ ಮೊಟ್ಟೆಗೆ ಬಣ್ಣ ಹಾಕುವ ದಿನ. ಅಲ್ಲಿ ಬಣ್ಣವೆಂದರೆ ಮುಖ್ಯವಾಗಿ ಕೆಂಪು, ಕ್ರಿಸ್ತನ ರಕ್ತದ ಗುರುತು. ಈಗ ಅಂಗಡಿಯ ಬಣ್ಣದ ಪೊಟ್ಟಣ ಬಂದಿದೆ ನಿಜ, ಆದರೂ ಈರುಳ್ಳಿ ಸಿಪ್ಪೆ ಬಿಡದ ಮನೆಗಳಿವೆ.

ಶುರು ಮಾಡುವ ಮುಂಚೆ ಒಂದು ಮಾತು: ಪಾತ್ರೆಯಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ. ಈರುಳ್ಳಿ ನೀರು ಚಹಾದ ಡಿಕಾಕ್ಷನ್ ಥರ ಕಾಣುತ್ತದೆ, ಮೊಟ್ಟೆ ಇಟ್ಟಿಗೆಗೆಂಪಾಗಿ ಬರುತ್ತದೆ. ಕೋಸಿನ ನೀರು ನೇರಳೆ, ಮೊಟ್ಟೆ ನೀಲಿ. ಬೀಟ್‌ರೂಟ್ ನೀರು ಕಣ್ಣು ಕೋರೈಸುವ ಕೆಂಪು, ಮೊಟ್ಟೆಯೋ ಮಾಸಿದ ಗುಲಾಬಿ. ಮೊದಲ ಸಲ ನಾನು ಬೀಟ್‌ರೂಟಿಗೇ ಕೈಹಾಕಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಎತ್ತಿ ನೋಡಿದರೆ ಕೆಸರಲ್ಲಿ ಉರುಳಿಸಿದ ಮೊಟ್ಟೆಗಳ ಹಾಗೆ ಕಂಡವು. ಬೀಟ್‌ರೂಟಿನ ಬಣ್ಣಕ್ಕೆ ಬಿಸಿ ಆಗಿಬರುವುದಿಲ್ಲ, ಕುದಿಸಿದಷ್ಟೂ ಕಂದುತ್ತದೆ. ಅದನ್ನು ಪಲ್ಯಕ್ಕೇ ಇಟ್ಟುಕೊಳ್ಳಿ.

ಮೊದಲು ಈರುಳ್ಳಿ. ಸ್ಟೀಲ್ ಪಾತ್ರೆಯೇ ಇರಲಿ. ಹುಳಿ ಬೀಳುವ ಅಡುಗೆಗೆ ಅಲ್ಯೂಮಿನಿಯಂ ಬೇಡ ಅನ್ನುವುದು ಗೊತ್ತೇ ಇದೆ, ಇಲ್ಲೂ ವಿನೆಗರ್ ಬೀಳುತ್ತದೆ. ಸಿಪ್ಪೆಯನ್ನು ಒತ್ತಿ ತುಂಬಿ, ಒಂದು ಲೀಟರಿಗೆ ಸ್ವಲ್ಪ ಹೆಚ್ಚು ನೀರು ಹಾಕಿ ಕುದಿಸಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬಿಡಿ. ಸೋಸಿ, ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ. ಈಗ ಅವಸರ ಬೇಡ, ನೀರು ಪೂರ್ತಿ ಆರಲಿ. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ನೇರ ಬಿಸಿ ನೀರಿಗೆ ಇಳಿಸಿದರೆ ಟಪ್ ಎಂದು ಬಿರುಕು ಬಿಟ್ಟು, ಬಿಳಿಲೋಳೆ ನೂಲುನೂಲಾಗಿ ಹೊರಬರುತ್ತದೆ. ನನ್ನವು ಆರರಲ್ಲಿ ನಾಲ್ಕು ಹಾಗೆ ಹೋಗಿವೆ.

ಮೊಟ್ಟೆಗಳನ್ನು ಮೊದಲೇ ಹೊರಗಿಟ್ಟು, ತಣ್ಣೀರಲ್ಲಿ ಮೆಲ್ಲಗೆ ಉಜ್ಜಿ ತೊಳೆದುಕೊಳ್ಳಿ. ಬೆರಳ ಜಿಡ್ಡು ಉಳಿದ ಕಡೆ ಬಣ್ಣ ಹತ್ತುವುದಿಲ್ಲ. ಆರಿದ ಬಣ್ಣದ ನೀರಲ್ಲಿ ಒಂದೇ ಪದರವಾಗಿ ಜೋಡಿಸಿ, ಮುಳುಗುವಷ್ಟು ನೀರಿದೆಯೇ ನೋಡಿ, ಸಣ್ಣ ಉರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಬೇಯಿಸಿ. ಆಗಾಗ ಸೌಟಿನಿಂದ ಮೆಲ್ಲಗೆ ಹೊರಳಿಸಿ, ಇಲ್ಲದಿದ್ದರೆ ತಳಕ್ಕೆ ತಾಗಿದ ಕಡೆ ಬಿಳಿ ಮಚ್ಚೆ ಉಳಿಯುತ್ತದೆ. ಕಿತ್ತಳೆ ಸಾಕೆಂದರೆ ಆಗಲೇ ತೆಗೆಯಿರಿ. ಗಾಢ ಕೆಂಪು ಬೇಕಾದರೆ ಆರಿದ ಮೇಲೆ ನೀರಿನ ಸಮೇತ ಫ್ರಿಜ್ಜಿಗೆ ಹಾಕಿ ರಾತ್ರಿ ಕಳೆಯಿರಿ. ತೆಳು ಕಂದು ಚಿಪ್ಪಿನ ನಾಟಿ ಮೊಟ್ಟೆ ಈ ಕೆಂಪಿಗೆ ಚೆನ್ನಾಗಿ ಒಗ್ಗುತ್ತದೆ. ನೀಲಿ, ಹಳದಿಗೆ ಮಾತ್ರ ಬಿಳಿ ಫಾರಂ ಮೊಟ್ಟೆಯೇ ಆಗಬೇಕು.

ಇದರಲ್ಲೇ ಇನ್ನೊಂದು ಕೈಚಳಕ ಇದೆ. ಲಾಟ್ವಿಯಾ, ಸರ್ಬಿಯಾ ಕಡೆ ಮೊಟ್ಟೆಯ ಮೇಲೆ ಎಲೆಯ ಅಚ್ಚು ಮೂಡಿಸುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಕೊತ್ತಂಬರಿ ಸೊಪ್ಪಿನಂಥದ್ದು ಇನ್ನೊಂದಿಲ್ಲ. ಒಂದು ಎಲೆಯನ್ನು ನೀರಲ್ಲಿ ಅದ್ದಿ ಹಸಿ ಮೊಟ್ಟೆಗೆ ಅಂಟಿಸಿ, ಅಂಚುಗಳನ್ನು ಬೆರಳ ತುದಿಯಿಂದ ಒತ್ತಿ. ಹಳೆಯ ನೈಲಾನ್ ಸ್ಟಾಕಿಂಗ್ಸ್ ತುಂಡೊಂದನ್ನು ಅದರ ಮೇಲೆ ಬಿಗಿಯಾಗಿ ಎಳೆದು, ಹಿಂಬದಿಯಲ್ಲಿ ತಿರುಚಿ ದಾರ ಕಟ್ಟಿ. ಬಿಗಿ ಎಂದರೆ ಎಲೆಯ ನರ ಬಟ್ಟೆಯ ಮೇಲಿಂದಲೇ ಕಾಣುವಷ್ಟು. ಸಡಿಲವಾದರೆ ಬಣ್ಣ ಒಳಗೆ ನುಸುಳಿ ಎಲೆಯ ಬದಲು ಬರೀ ಕಲೆ ಉಳಿಯುತ್ತದೆ. ಬೆಂದು ಆರಿದ ಮೇಲೆ ಗಂಟು ಕತ್ತರಿಸಿ ಎಲೆ ಕಿತ್ತರೆ, ಕೆಂಗಂದು ನೆಲದ ಮೇಲೆ ಕೊತ್ತಂಬರಿಯ ಹಲ್ಲುಹಲ್ಲು ಅಂಚೂ ತೊಟ್ಟೂ ತಿಳಿ ಬಣ್ಣದಲ್ಲಿ ಹಾಗೇ ಕೂತಿರುತ್ತವೆ. ಮಕ್ಕಳಿದ್ದರೆ ದಾರ ಕತ್ತರಿಸುವ ಕೆಲಸ ಅವರಿಗೇ ಬಿಡಿ.

ನೀಲಿಗೆ ನೇರಳೆ ಕೋಸು. ಅರ್ಧ ಕೋಸನ್ನು ಹೆಚ್ಚಿ ಒಂದು ಲೀಟರ್ ನೀರಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ, ಲೋಟಕ್ಕೊಂದು ದೊಡ್ಡ ಚಮಚ ವಿನೆಗರ್ ಬೆರೆಸಿ. ವಿನೆಗರ್ ಬಿದ್ದ ಕೂಡಲೇ ನೀರು ಗುಲಾಬಿಗೆ ತಿರುಗುತ್ತದೆ, ಗಾಬರಿಯಾಗಬೇಡಿ. ಕೋಸಿನ ಈ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹೆಚ್ಚುಕಡಿಮೆ ಸುಣ್ಣದ ಕಲ್ಲೇ. ಅದು ತನ್ನ ಮೈಗೆ ತಾಗಿದ ಹುಳಿಯನ್ನು ಕೊಲ್ಲುತ್ತದೆ, ಆಗ ಬಣ್ಣ ನೀಲಿಯಾಗಿ ಕೂರುತ್ತದೆ. ಮೊಟ್ಟೆಯ ಮೇಲೆ ಏಳುವ ಸಣ್ಣ ಗುಳ್ಳೆ ಆ ಜಗಳದ್ದೇ. ವಿನೆಗರ್ ಹೆಚ್ಚಾದರೆ ಚಿಪ್ಪಿನ ಮೇಲ್ಪದರ ಕರಗಿ ಬಣ್ಣ ಹೆಕ್ಕಳಿಕೆಯಾಗಿ ಏಳುತ್ತದೆ.

ಇದಕ್ಕೆ ಮೊಟ್ಟೆಯನ್ನು ಬೇರೆ ನೀರಲ್ಲಿ ಹತ್ತು ನಿಮಿಷ ಬೇಯಿಸಿ, ಆರಿಸಿ, ಆಮೇಲೆ ಮುಳುಗಿಸಿಡಿ. ಅರ್ಧ ಗಂಟೆಗೆ ತಿಳಿ ಆಕಾಶದ ಬಣ್ಣ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದರೆ ಕಡುನೀಲಿ. ಎತ್ತಿದ ಮೇಲೆ ಒರೆಸಲೇಬೇಡಿ! ಹಸಿ ಇರುವಾಗ ಈ ಬಣ್ಣ ಬೆರಳಿಗೇ ಬಂದುಬಿಡುತ್ತದೆ. ತಂತಿಯ ಜಾಲರಿಯ ಮೇಲೆ ತಾನಾಗಿ ಒಣಗಲಿ.

ಹಳದಿಗೆ ಅರಿಶಿನ. ಎರಡು ಲೋಟ ನೀರಿಗೆ ಎರಡು ದೊಡ್ಡ ಚಮಚ ಪುಡಿ, ಹತ್ತು ನಿಮಿಷದ ಕುದಿ, ಒಂದಿಷ್ಟು ವಿನೆಗರ್, ಅರ್ಧ ಗಂಟೆಯ ನೆನೆ. ಇದು ಕೈಕೊಡುವುದೇ ಇಲ್ಲ, ಕೈ, ಕಟ್ಟೆ, ಒರೆಸುವ ಬಟ್ಟೆ ಎಲ್ಲವನ್ನೂ ಹಳದಿ ಮಾಡುತ್ತದೆ ಅಷ್ಟೆ. ಆರತಿಯ ಓಕುಳಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪೇರುವುದು ನೆನಪಿದೆಯಲ್ಲ? ಮೊಟ್ಟೆ ತಿನ್ನುವುದಾದ್ದರಿಂದ ಸುಣ್ಣ ಬೇಡ, ಅಡುಗೆ ಸೋಡಾ ಕದಡಿದ ನೀರಲ್ಲಿ ಹತ್ತಿ ಸುತ್ತಿದ ಕಡ್ಡಿ ಅದ್ದಿ ಹಳದಿ ಮೊಟ್ಟೆಯ ಮೇಲೆ ಗೀಚಿ, ಗೆರೆ ಕೆಂಪಗೆ ಏಳುತ್ತದೆ. ಹಸಿರು ಬೇಕೆಂದು ಪಾಲಕ್ ಕುದಿಸಿ ನಿರಾಸೆ ಪಡಬೇಡಿ, ಸೊಪ್ಪಿನ ಹಸಿರು ನೀರಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಅರಿಶಿನದ ಮೊಟ್ಟೆ ಒಣಗಿದ ಮೇಲೆ ಕೋಸಿನ ನೀರಲ್ಲಿ ಅದ್ದಿ, ಹಸಿರು ಸಿಗುತ್ತದೆ.

ಒಣಗಿದ ಕೆಂಪು ಮೊಟ್ಟೆಗೆ ಗ್ರೀಕರು ಆಲಿವ್ ಎಣ್ಣೆ ಸವರಿ ಹೊಳಪು ಕೊಡುತ್ತಾರೆ. ಕೊಬ್ಬರಿ ಎಣ್ಣೆಯ ಎರಡು ಹನಿಯೂ ಅದೇ ಕೆಲಸ ಮಾಡುತ್ತದೆ. ಆದರೆ ಚಂದ ಕಂಡವೆಂದು ಮೇಜಿನ ಮೇಲೆ ದಿನವಿಡೀ ಮೆರೆಸಿ ಆಮೇಲೆ ತಿನ್ನುವ ಹಾಗಿಲ್ಲ. ಬೆಂದ ಮೊಟ್ಟೆ ಹೊರಗೆ ಎರಡು ಗಂಟೆ, ಫ್ರಿಜ್ಜಿನಲ್ಲಿ ಒಂದು ವಾರ, ಲೆಕ್ಕ ಅಷ್ಟೆ. ನಮ್ಮ ಏಪ್ರಿಲ್ ಸೆಕೆಗೆ ಎರಡು ಗಂಟೆಯೂ ಹೆಚ್ಚೇ.

ಗ್ರೀಸಿನಲ್ಲಿ ಈ ಮೊಟ್ಟೆಗಳು ಕಾಯುವುದು ‘ತ್ಸೂಗ್ರಿಸ್ಮ’ ಎಂಬ ಆಟಕ್ಕೆ. ಒಬ್ಬರು ‘ಕ್ರಿಸ್ಟೋಸ್ ಅನೆಸ್ತಿ’, ಕ್ರಿಸ್ತ ಎದ್ದ, ಎಂದು ತಮ್ಮ ಮೊಟ್ಟೆಯ ತುದಿಯಿಂದ ಎದುರಿನವರ ಮೊಟ್ಟೆಯ ತುದಿಗೆ ಕುಟ್ಟುತ್ತಾರೆ. ‘ಅಲಿಥೋಸ್ ಅನೆಸ್ತಿ’, ನಿಜವಾಗಿ ಎದ್ದ, ಎಂಬುದು ಉತ್ತರ. ಒಡೆದವರು ಔಟು, ಕೊನೆಗೂ ಒಡೆಯದೆ ಉಳಿದವರಿಗೆ ವರ್ಷವೆಲ್ಲ ಅದೃಷ್ಟ. ಮೊಟ್ಟೆಯನ್ನು ಮುಷ್ಟಿಯಲ್ಲಿ ಪೂರ್ತಿ ಮುಚ್ಚಿ, ಚೂಪು ತುದಿ ರೂಪಾಯಿ ಅಗಲದಷ್ಟೇ ಕಾಣುವಂತೆ ಹಿಡಿದುಕೊಳ್ಳಿ. ನಮ್ಮ ಮನೆಯಲ್ಲಿ ಹೋದ ವರ್ಷ ಎಲ್ಲವನ್ನೂ ಒಡೆದು ಗೆದ್ದದ್ದು ಕೊತ್ತಂಬರಿ ಎಲೆಯ ಒಂದು ನಾಟಿ ಮೊಟ್ಟೆ. ಮಧ್ಯಾಹ್ನ ಮೊಟ್ಟೆ ಸಾರಿಗೆ ಒಂದು ಕಡಿಮೆ ಬಿತ್ತೆಂದು ಅದನ್ನೂ ಸುಲಿಯಬೇಕಾಯಿತು.