ಮರ ಎಷ್ಟು ನೀರು ಎಳೀತದೆ? ಸ್ಯಾಪ್ ಫ್ಲೋ ಸೆನ್ಸರಿನ ಲೆಕ್ಕ ಸರಿ ಬರ್ಬೇಕಾದ್ರೆ ಹೀಗೆ ಮಾಡಿ

ಎಪ್ರಿಲ್ ಬಂತು ಅಂದ್ರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಒಂದೇ ಚಿಂತೆ, ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಸಪೂರ ಆಗ್ತಾ ಬಂತು, ಅಡಿಕೆಗೆ ಸ್ಪ್ರಿಂಕ್ಲರ್ ಎಷ್ಟು ಹೊತ್ತು ಬಿಡೋದು ಅಂತ. ಬುಡಕ್ಕೆ ಎಷ್ಟು ಹಾಕಿದ್ವಿ ಅನ್ನೋ ಅಂದಾಜು ಎಲ್ಲರ ಹತ್ರ ಉಂಟು, ಮರ ಅದ್ರಲ್ಲಿ ಎಷ್ಟು ಮೇಲೆ ಎಳ್ಕೊಂಡಿತು ಅನ್ನೋದು ಇಲ್ಲ. ಅದನ್ನು ಕಾಂಡದಲ್ಲೇ ಅಳೀಲಿಕ್ಕೆ ಸ್ಯಾಪ್ ಫ್ಲೋ, ಅಂದ್ರೆ ಕಾಂಡದೊಳಗಿನ ರಸದ ಹರಿವಿನ, ಸೆನ್ಸರ್ ಇದೆ, ಅದರ ಸೂಜಿಗಳನ್ನು ಕೈಯಲ್ಲೇ ಮಾಡ್ಕೊಳ್ಳುವವರೂ ಇದ್ದಾರೆ. ಆದ್ರೆ ಸೂಜಿ ಚುಚ್ಚಿದ ಕೂಡ್ಲೇ ಬರೋ ಅಂಕಿಯನ್ನು ನಂಬಿ ಪಂಪ್ ಟೈಮರ್ ಸೆಟ್ ಮಾಡಿದ್ರೆ ಮರಕ್ಕೂ ಮೋಸ, ನೀರಿಗೂ ಮೋಸ.

ಹೆಚ್ಚಿನವರು ಬಳಸೋದು ಫ್ರಾನ್ಸಿನ ವಿಜ್ಞಾನಿ ಆಂಡ್ರೆ ಗ್ರಾನಿಯೆ 1985ರಲ್ಲಿ ಕೊಟ್ಟ ವಿಧಾನ. 2 ಸೆಂಮೀ ಉದ್ದದ ಎರಡು ಸೂಜಿ, ಒಂದರ ಮೇಲೊಂದು ಸುಮಾರು 10 ಸೆಂಮೀ ಅಂತರದಲ್ಲಿ. ಮೇಲಿನದ್ದಕ್ಕೆ 0.2 ವಾಟ್ ಬಿಸಿ ಕೊಡ್ತಾ ಇರ್ಬೇಕು, ಕೆಳಗಿನದ್ದು ಮರದ ಸಹಜ ಉಷ್ಣತೆ ಹೇಳ್ತದೆ. ರಸ ಜೋರಾಗಿ ಹರಿದ್ರೆ ಮೇಲಿನ ಸೂಜಿ ತಣ್ಣಗಾಗಿ ಎರಡರ ವ್ಯತ್ಯಾಸ ಇಳೀತದೆ, ನಿಂತ್ರೆ ಏರ್ತದೆ. ಅಂದ್ರೆ ನಾವು ಅಳೀತಾ ಇರೋದು ನೀರಲ್ಲ, ಉಷ್ಣತೆ. ಉಷ್ಣತೆಯಿಂದ ಲೀಟರಿಗೆ ಹೋಗೋ ದಾರಿಯಲ್ಲೇ ತಪ್ಪೆಲ್ಲ ಸೇರ್ಕೊಳ್ಳೋದು.

ಜಾಗ ಮತ್ತು ತೂತು

ನಮ್ಮಲ್ಲಿ ಅಡಿಕೆ ಮರದ ತೆಂಕು-ಪಡು ಬದಿಗೆ ಬಿಸಿಲು ಬಡಿದು ಕಾಂಡ ಸುಡ್ತದೆ ಅಂತ ಸುಣ್ಣ ಬಳಿಯೋದು, ಸೋಗೆ ಕಟ್ಟೋದು ಉಂಟಲ್ಲ, ಆ ಬದಿಯಲ್ಲಿ ಸೂಜಿ ಬೇಡ. ಬಡಗು ಬದಿಯಲ್ಲಿ, ಸ್ಪ್ರಿಂಕ್ಲರಿನ ನೀರು ನೇರ ಬಡಿಯದ ಎತ್ತರದಲ್ಲಿ ಹಾಕಿ. ತಣ್ಣೀರು ಕಾಂಡಕ್ಕೆ ಬಿದ್ದ ಕೂಡ್ಲೇ ಗ್ರಾಫಿನಲ್ಲಿ ಒಂದು ಏರಿಳಿತ ಬರ್ತದೆ, ಅದನ್ನು ಮರ ನೀರು ಕುಡೀಲಿಕ್ಕೆ ಶುರು ಮಾಡಿತು ಅಂತ ಓದ್ಬೇಡಿ. ದೊಡ್ಡ ಮರ ಆದ್ರೆ ಇನ್ನೊಂದು ಬದಿಗೂ ಒಂದು ಜೊತೆ ಹಾಕೋದು ಒಳ್ಳೇದು, ಸುತ್ತಲೂ ಹರಿವು ಒಂದೇ ಸಮ ಇರೋದಿಲ್ಲ. ಮೇಲಿಂದ ಫಾಯಿಲ್ ಹಾಕಿದ ಥರ್ಮೋಕೋಲ್ ಸುತ್ತಿ, ಮಳೆಗಾಲ ಆದ್ರೆ ಕಾಂಡದಲ್ಲಿ ಇಳಿಯೋ ನೀರು ಒಳಗೆ ಬರದ ಹಾಗೆ ಮೇಲಿನ ಅಂಚಿಗೆ ಸಿಲಿಕೋನ್ ಹಚ್ಚಿ.

ತೂತಿಗೆ ಹೊಸ ಹರಿತದ ಬಿಟ್ ಬೇಕು, ಮೊಂಡು ಬಿಟ್ ಮರವನ್ನು ಸುಟ್ಟು ಸುತ್ತಲಿನ ರಸನಾಳ ಮುಚ್ಚಿಬಿಡ್ತದೆ. ಸೂಜಿಗೆ ಥರ್ಮಲ್ ಗ್ರೀಸ್ ಹಚ್ಚಿಯೇ ತೂರಿಸಿ, ನಡುವೆ ಗಾಳಿ ಉಳಿದ್ರೆ ಅಳತೆ ಹೋಯ್ತು. ಹಲಸಿನಲ್ಲಿ ತೊಗಟೆ ಸ್ವಲ್ಪ ಕೆತ್ತಿ ಮೇಣ ಸೋರೋದು ನಿಂತ ಮೇಲೆ ಡ್ರಿಲ್ ಮಾಡಿ. ಬಿಸಿಯ ಪಲ್ಸ್ ಬಿಟ್ಟು ಅಳೆಯೋ ಹೀಟ್ ರೇಶಿಯೋ ಸೆನ್ಸರ್ ಆದ್ರೆ ಸೂಜಿಗಳ ಅಂತರ ಬರೀ 6 ಮಿಮೀ, ಸೂಜಿ ಒಂದು ಮಿಮೀ ವಾಲಿದ್ರೂ ಲೆಕ್ಕ ಕೆಡ್ತದೆ, ಹಾಗಾಗಿ ಮೊದಲೇ ತೂತು ಕೊರೆದ ದಪ್ಪ ಲೋಹದ ಪಟ್ಟಿಯನ್ನು ಮರಕ್ಕೆ ಒತ್ತಿ ಹಿಡಿದೇ ಕೊರೀಬೇಕು.

ಕರೆಂಟ್, ಲಾಗರ್

0.2 ವಾಟ್ ಅಂದ್ರೆ ದಿನವಿಡೀ 0.2 ವಾಟೇ. ಬ್ಯಾಟರಿ ಇಳಿದ ಹಾಗೆ ಬಿಸಿ ಇಳಿದ್ರೆ ಸೆನ್ಸರ್ ಅದನ್ನು ರಸ ಹೆಚ್ಚಾಯ್ತು ಅಂತ ಹೇಳ್ತದೆ, ಯಾಕಂದ್ರೆ ಎರಡರಲ್ಲೂ ಸೂಜಿ ತಣ್ಣಗೇ ಆಗೋದು. ಕರೆಂಟ್ ಸ್ಥಿರ ಇಡೋ ರೆಗ್ಯುಲೇಟರ್ ಹಾಕಿ, ಉದ್ದ ಕೇಬಲಲ್ಲಿ ವೋಲ್ಟೇಜ್ ಬೀಳೋದನ್ನು ಸೂಜಿಯ ಹತ್ರವೇ ಮೀಟರ್ ಹಿಡಿದು ನೋಡಿ.

ಲಾಗರ್, ಅಂದ್ರೆ ಅಳತೆಯನ್ನು ಓದಿ ಬರೆದಿಡೋ ಸಾಧನದ ವಿಷಯದಲ್ಲಿ ಉಳಿತಾಯ ಮಾಡ್ಲಿಕ್ಕೆ ಹೋಗೋದು ಬೇಡ. ಸೂಜಿಯೊಳಗಿನ ತಾಮ್ರ-ಕಾನ್‌ಸ್ಟಂಟಾನ್ ಥರ್ಮೋಕಪಲ್ (ಉಷ್ಣತೆಯನ್ನು ವೋಲ್ಟೇಜ್ ಮಾಡೋ ಎರಡು ಲೋಹದ ತಂತಿಗಳ ಜೋಡಿ) ಒಂದು ಡಿಗ್ರಿಗೆ ಕೊಡೋದು ಸುಮಾರು 40 ಮೈಕ್ರೋವೋಲ್ಟ್. ಆರ್ಡುಯಿನೋ ಊನೋ ಅನ್ನೋ ಅಗ್ಗದ ಬೋರ್ಡು ಗುರುತಿಸೋ ಅತಿ ಸಣ್ಣ ವ್ಯತ್ಯಾಸ, ಅಂದ್ರೆ ಒಂದು ಮೆಟ್ಟಿಲೇ 5 ಮಿಲಿವೋಲ್ಟ್ ಹತ್ರ, ಅದಕ್ಕೆ ಇದು ಕಾಣೋದೇ ಇಲ್ಲ. ಎಲ್ಲರೂ ಹೇಳೋ ಎಡಿಎಸ್1115 ಚಿಪ್ ಹಾಕಿದ್ರೂ ಅತಿ ಸೂಕ್ಷ್ಮ ಸೆಟ್ಟಿಂಗಲ್ಲಿ ಒಂದು ಮೆಟ್ಟಿಲು 7.8 ಮೈಕ್ರೋವೋಲ್ಟ್, ಅಂದ್ರೆ 0.2 ಡಿಗ್ರಿ. ಇದು ಸಾಲದು ಯಾಕೆ ಅನ್ನೋದು ಮುಂದೆ ಗೊತ್ತಾಗ್ತದೆ. 24 ಬಿಟ್‌ನ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡೋ ಚಿಪ್) ಹಾಕಿ ನೂರಾರು ರೀಡಿಂಗ್‌ಗಳ ಸರಾಸರಿ ತೆಗೀರಿ.

ಸೊನ್ನೆ ಎಲ್ಲಿ?

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಗ್ರಾನಿಯೆ ಲೆಕ್ಕದಲ್ಲಿ, ಹರಿವು ಇಲ್ಲದಾಗಿನ ವ್ಯತ್ಯಾಸದಿಂದ ಈಗಿನ ವ್ಯತ್ಯಾಸ ಕಳೆದು, ಬಂದದ್ದನ್ನು ಈಗಿನ ವ್ಯತ್ಯಾಸದಿಂದಲೇ ಭಾಗಿಸಿ, ಅದರ 1.231ನೇ ಘಾತ ತೆಗೆದು 42.84ರಿಂದ ಗುಣಿಸಿದ್ರೆ ಗಂಟೆಗೆ ಒಂದು ಚದರ ಸೆಂಮೀಗೆ ಎಷ್ಟು ಮಿಲಿ ಲೀಟರ್ ಅಂತ ಬರ್ತದೆ. ಹರಿವಿಲ್ಲದಾಗ 10 ಡಿಗ್ರಿ, ಮಧ್ಯಾಹ್ನ 8 ಡಿಗ್ರಿ ಇದ್ರೆ ಉತ್ತರ ಸುಮಾರು 7.8. ಆ 10ನ್ನು 9.5 ಅಂತ ತಗೊಂಡ್ರೆ ಉತ್ತರ 5.5ಕ್ಕೆ ಬೀಳ್ತದೆ. ಅರ್ಧ ಡಿಗ್ರಿಗೆ ಶೇ 30 ನೀರು ಮಾಯ!

ಸಾಮಾನ್ಯವಾಗಿ ಬೆಳಗಿನ ಜಾವದ ಅತಿ ಹೆಚ್ಚಿನ ವ್ಯತ್ಯಾಸವನ್ನೇ ಸೊನ್ನೆ ಅಂತ ತಗೊಳ್ತಾರೆ, ಆದ್ರೆ ರಾತ್ರಿ ಮರ ಸುಮ್ನೆ ಇರ್ತದೆ ಅಂತ ಯಾರು ಹೇಳಿದ್ದು? ಒಣಗಾಳಿ ಇದ್ರೆ ಎಲೆ ರಾತ್ರಿಯೂ ಸ್ವಲ್ಪ ನೀರು ಬಿಡ್ತದೆ, ಅದಲ್ಲದೆ ಅಡಿಕೆ, ತೆಂಗಿನ ಕಾಂಡ ಹಗಲು ಖರ್ಚಾದ ನೀರನ್ನು ರಾತ್ರಿ ತುಂಬಿಸ್ಕೊಳ್ತದೆ, ಹಾಗಾಗಿ ಬುಡದಲ್ಲಿ ಹರಿವು ಇದ್ದೇ ಇರ್ತದೆ. ಆದ್ದರಿಂದ ಮರದ ಹತ್ರವೇ ಒಂದು ಉಷ್ಣತೆ-ತೇವಾಂಶದ ಸೆನ್ಸರ್ ಇಟ್ಟು, ಗಾಳಿ ಪೂರ್ತಿ ಒದ್ದೆಯಾಗಿ ಗಂಟೆಗಟ್ಲೆ ಹಾಗೇ ಇದ್ದ ರಾತ್ರಿಗಳನ್ನು ಹುಡುಕಿ. 27 ಡಿಗ್ರಿಯಲ್ಲಿ ತೇವಾಂಶ ಶೇ 95 ಇದ್ರೆ ಗಾಳಿಯ ಎಳೆತ, ಅಂದ್ರೆ ವಿಪಿಡಿ, 0.18 ಕಿಲೋಪ್ಯಾಸ್ಕಲ್ ಆಗ್ತದೆ, ಅದಕ್ಕಿಂತ ಕೆಳಗೆ ಇದ್ದ ರಾತ್ರಿಗಳ ಕೊನೆಯ ಜಾವ ನಂಬ್ಲಿಕ್ಕೆ ಅಡ್ಡಿ ಇಲ್ಲ. ಬೇಸಿಗೆಯಲ್ಲಿ ಇಂಥ ರಾತ್ರಿ ಕಡಿಮೆ, ವಾರ-ಹತ್ತು ದಿನಗಳನ್ನು ಒಂದು ಗುಂಪು ಮಾಡ್ಕೊಂಡು ಅದ್ರಲ್ಲಿ ಅತಿ ಒದ್ದೆ ರಾತ್ರಿಯ ಬೆಲೆಯನ್ನೇ ಉಳಿದ ದಿನಕ್ಕೂ ಹಾಕಿ. ಇದ್ರ ಜೊತೆಗೆ ಒಂದೆರಡು ದಿನ ಹೀಟರ್ ಆಫ್ ಮಾಡಿ ಲಾಗರ್ ಮಾತ್ರ ಓಡಿಸಿ, ಬಿಸಿ ಇಲ್ಲದೇನೂ ಎರಡು ಸೂಜಿ ನಡುವೆ ಕಾಣೋ ವ್ಯತ್ಯಾಸ ಬಿಸಿಲು ಮತ್ತು ನೆಲದ ಕಾವಿನದ್ದು, ಅದೇ ಥರದ ಹವೆಯ ದಿನಗಳಿಂದ ಅದನ್ನು ಕಳೀಬೇಕು.

ಲೀಟರಿಗೆ ತರೋದು

ಮೇಲಿನ ಉತ್ತರ ಬರೀ ಒಂದು ಚದರ ಸೆಂಮೀಯದ್ದು, ಅದನ್ನು ರಸ ಹರಿಯೋ ಭಾಗದ ವಿಸ್ತೀರ್ಣದಿಂದ ಗುಣಿಸಿದ್ರೆ ಇಡೀ ಮರದ್ದು ಸಿಗ್ತದೆ. ಹಲಸಿನಲ್ಲಿ ಒಳಗಿನ ಹಳದಿ ಕೆಚ್ಚು ರಸ ಸಾಗಿಸೋದಿಲ್ಲ, ಹೊರಗಿನ ಬಿಳಿ ಮರ ಮಾತ್ರ. ತೊಗಟೆ ಬಿಟ್ಟು 18 ಸೆಂಮೀ ತ್ರಿಜ್ಯದ ಮರದಲ್ಲಿ ಬಿಳಿ ಮರ 5 ಸೆಂಮೀ ಇದ್ರೆ ಅದರ ವಿಸ್ತೀರ್ಣ 487 ಚದರ ಸೆಂಮೀ, 6 ಸೆಂಮೀ ಅಂತ ಅಂದಾಜು ಮಾಡಿದ್ರೆ 565, ಅಲ್ಲೇ ಶೇ 16 ಹೆಚ್ಚು. ಹಾಗಾಗಿ ಬೋರರ್‌ನಿಂದ ಕಡ್ಡಿಯಷ್ಟು ಮರ ತೆಗೆದು ಬಣ್ಣ ನೋಡಿ ಅಳೀರಿ. ಸೂಜಿಯ ತುದಿ ಕೆಚ್ಚಿಗೆ ತಾಗಿದ್ರೆ ಹರಿವು ಕಡಿಮೆ ಅಂತ ತೋರಿಸ್ತದೆ, ಇದಕ್ಕೆ 1999ರಿಂದ ಕ್ಲಿಯರ್‌ವಾಟರ್ ತಿದ್ದುಪಡಿ ಅಂತ ಒಂದು ಸೂತ್ರ ಇದೆ, ಸೂಜಿಯ ಎಷ್ಟು ಭಾಗ ಬಿಳಿ ಮರದಲ್ಲಿದೆ ಅಂತ ಗೊತ್ತಿದ್ರೆ ಸಾಕು.

ಅಡಿಕೆಯಲ್ಲಿ ಕೆಚ್ಚೂ ಇಲ್ಲ, ತೊಗಟೆಯಡಿಯ ಬೆಳೆಯೋ ಪದರವೂ ಇಲ್ಲ, ರಸನಾಳಗಳ ಕಟ್ಟುಗಳು ಇಡೀ ಕಾಂಡದಲ್ಲಿ ಚದುರಿವೆ, ಹೊರಗೆ ಒತ್ತೊತ್ತು, ಒಳಗೆ ವಿರಳ. ಹೊರಗಿನ 2 ಸೆಂಮೀಯ ಅಂಕಿಯನ್ನು ಇಡೀ ಕಾಂಡಕ್ಕೆ ಗುಣಿಸಿದ್ರೆ ಲೆಕ್ಕ ಎತ್ತಲೋ ಹೋಗ್ತದೆ. 0-2, 2-4 ಹೀಗೆ ಬೇರೆ ಬೇರೆ ಆಳದಲ್ಲಿ ಅಳೆದು ಒಂದೊಂದು ಉಂಗುರದ ವಿಸ್ತೀರ್ಣಕ್ಕೆ ಬೇರೆಯಾಗಿ ಗುಣಿಸಿ ಕೂಡ್ಸಿ.

ಗ್ರಾನಿಯೆಯ 1.231, 42.84 ಅನ್ನೋ ಆ ಎರಡು ಸಂಖ್ಯೆ ಎಲ್ಲ ಜಾತಿಗೂ ಹೊಂದೋದಿಲ್ಲ, ಎಷ್ಟೋ ಮರಗಳಲ್ಲಿ ನಿಜಕ್ಕಿಂತ ಕಡಿಮೆ ತೋರಿಸ್ತದೆ. ಮನೆ ಕಟ್ಲಿಕ್ಕೆ, ರಸ್ತೆಗೆ ಅಂತ ಆರೋಗ್ಯವಂತ ಮರ ಕಡೀತಾ ಇದ್ರೆ ಹಸಿ ತುಂಡೊಂದು ಕೇಳಿ ತನ್ನಿ, ಎರಡೂ ತುದಿಯನ್ನು ನೀರೊಳಗೆ ಹರಿತದ ಕತ್ತಿಯಿಂದ ನಯ ಮಾಡಿ, ಒಂದು ತುದಿಗೆ ಎತ್ತರದ ಟ್ಯಾಂಕಿನಿಂದ ಶುದ್ಧ ನೀರಿನ ಪೈಪ್ ಕಟ್ಟಿ, ಇನ್ನೊಂದು ತುದಿಯಿಂದ ಸೋರಿದ್ದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಟ್ಯಾಂಕಿನ ಎತ್ತರ ಬದಲಿಸಿ ಬದಲಿಸಿ ತೂಕವನ್ನೂ ಸೆನ್ಸರಿನ ಉತ್ತರವನ್ನೂ ಗ್ರಾಫಿಗೆ ಹಾಕಿದ್ರೆ ನಿಮ್ಮ ಜಾತಿಯ ಮರಕ್ಕೆ ನಿಮ್ಮದೇ ಸಂಖ್ಯೆ ಸಿಗ್ತದೆ.

ಚುಚ್ಚಿದ ಗಾಯದಿಂದಾಗಿ ತಿಂಗಳು ಕಳೆದ ಹಾಗೆ ಅಳತೆ ಇಳೀತಾ ಬರಬಹುದು, ಸಂಶಯ ಬಂದ್ರೆ ಪಕ್ಕದಲ್ಲಿ ಹೊಸ ಜೊತೆ ಹಾಕಿ ಕೆಲವು ದಿನ ಎರಡನ್ನೂ ಹೋಲಿಸಿ. ಅಡಿಕೆಯಲ್ಲಿ ಮಾತ್ರ ಇದಕ್ಕೆ ಲೆಕ್ಕವಿಲ್ಲದಷ್ಟು ತೂತು ಕೊರೀಬೇಡಿ, ಅದರ ಗಾಯ ಮಾವು ಹಲಸಿನ ಹಾಗೆ ಮುಚ್ಕೊಳ್ಳೋದಿಲ್ಲ, ಸೂಜಿ ತೆಗೆದ ದಿನವೇ ತೂತಿಗೆ ಬೋರ್ಡೋ ಪೇಸ್ಟ್ ತುಂಬಿ.